ಚೈತ್ರಾಳ ಕೈಗುಣ

ತುಂಗಭದ್ರೆಯ ಎರಡೂ ದಡಗಳಲ್ಲಿ ಸುಳ್ಳು ಹೇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಹರಿಹರದ ಸೇತುವೆಯಿಂದ ಹೊರಟ ಸಾಲು ಮಂತ್ರಾಲಯ ಮುಟ್ಟೀತು. ಆ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕ ಸುಳ್ಳು ಹೇಳಿ ಎಲ್ಲರಿಗಿಂತ ದೊಡ್ಡ ಭಾರ ಹೊತ್ತವನು ಯಾರು ಎಂದು ಕೂಗಿ ಕೇಳಿದರೆ ಬಕ್ಕೇಶನೊಬ್ಬನೇ ಕೈಯೆತ್ತಬೇಕಾಗುತ್ತದೆ. ಅವನು ಹೇಳಿದ್ದು 'ಹೂಂ' ಎಂಬ ಒಂದೇ ಮಾತು. ಬಾಯಿ ತೆರೆಯದೆಯೂ ಹೇಳಬಹುದಾದ ಸುಳ್ಳು ಅದು. ಎಂಟು ತಿಂಗಳ ಹಿಂದಿನ ಆ ಹೂಂ ಇವತ್ತು ಬೆಳಿಗ್ಗೆ ಎಂಟೂವರೆಯ ದಾವಣಗೆರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿತ್ತು. ಬಕ್ಕೇಶ ಅದರ ಪಕ್ಕದಲ್ಲಿ ಅರ್ಧ ಕುಂಡಿ ಊರಿ ಕೂತಿದ್ದ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್ ಎಂದು ಕಲ್ಲುಗಳು ಹೇಳುತ್ತವೆ. ಕಲ್ಲುಗಳಿಗೇನು, ಅವು ಯಾವತ್ತಾದರೂ ತಪ್ಪು ಮಾಡಿ ಆ ದಾರಿಯಲ್ಲಿ ಹೋಗಿವೆಯೇ? ಇವತ್ತು ಆ ದಾರಿ ಕಾಶಿಗಿಂತ ದೂರ ಇತ್ತು. ಮಡಿಲಲ್ಲಿ ಇಟ್ಟುಕೊಂಡಿದ್ದ ಎಡಗೈಯನ್ನು ಅವನು ತಿರುಗಿಸಿ ನೋಡಿದ. ಒಂದು ಗಂಟೆಯ ಹಿಂದೆ ಅದೇ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ನೆಟ್ಟಿದ್ದ. ನೆಟ್ಟ ಕಣ್ಣಿಗೆ ಲಿಂಗ ಕಾಣದೆ ಲ್ಯಾಬಿನ ಫ್ರಿಜ್ಜಿನ ಮೂರನೇ ಗೂಡಿನ ಬಿಳಿ ಡಬ್ಬಿ ಕಂಡಿತ್ತು. ಪಕ್ಕದಲ್ಲಿ ಅವ್ವ ಮರುಳಸಿದ್ದಮ್ಮ ವಿಭೂತಿ ಗಟ್ಟಿ ತೇಯುತ್ತಿದ್ದಳು. ಎರಡು ವರ್ಷದ ಹಿಂದೆ, ಇದೇ ಜಾಗದಲ್ಲಿ, ಹೊಸದಾಗಿ ಸಂಶೋಧನೆಗೆ ಸೇರಿದ ಉಬ್ಬಿನಲ್ಲಿ ಅವನು ತನ್ನ ಲ್ಯಾಬಿನ ಮಹಿಮೆಯನ್ನೆಲ್ಲ ಬಿಚ್ಚಿ ಹೇಳಿದ್ದ, ಆಕಳ ರಕ್ತದಿಂದ ತೆಗೆದ ಒಂದು ಪುಡಿ ಇದೆ, ಅದಿಲ್ಲದೆ ನಮ್ಮ ಕೆಲಸವೇ ನಡೆಯುವುದಿಲ್ಲ ಎಂದು. ಅವ್ವ ಕೂಗಾಡಲಿಲ್ಲ, ಅಳಲಿಲ್ಲ. "ಯಾವ ಕೈಲೆ ಮುಟ್ತೀಯೋ ಅದನ್ನ?" ಎಂದಷ್ಟೇ ಕೇಳಿದಳು. ಗ್ಲೌಸು ಹಾಕಿಕೊಳ್ಳುತ್ತೇನೆ ಎಂದ. "ಗ್ಲೌಸು ಕಣ್ಣಿಗೆ ಕಾಣದಂಗೆ ಮಾಡ್ತೈತೆ. ಕೈಗೆ ಗೊತ್ತಾಗದಂಗೆ ಮಾಡ್ತೈತೇನು?" ಎಂದು ಎದ್ದು ಒಲೆಯ ಕಡೆ ಹೋದಳು. ಅವಳಿಗೆ ಅಲ್ಲಿಗೆ ಮರೆತುಹೋಯಿತು. ಅವನ ಕೈಗೆ ಮಾತ್ರ ಮರೆಯಲಿಲ್ಲ.

ಮರುದಿನದಿಂದ ಅವನು ಆ ಪುಡಿ ಮುಟ್ಟುವುದನ್ನು ಬಿಟ್ಟ. ವಿಜ್ಞಾನದಲ್ಲಿ ಚಿನ್ನದ ಪದಕ ತೆಗೆದುಕೊಂಡವನು, ಊರ ಹುಡುಗರಿಗೆಲ್ಲ ಗ್ರಹಣ ಬಿಡಿಸಿ ಹೇಳಿದವನು, ಒಂದು ಚಮಚ ಬಿಳಿ ಪುಡಿಗೆ ಹೆದರಿದ. ಬಿಎಸ್‌ಎ ಎನ್ನುವ ಆ ಪುಡಿಯನ್ನು ಕಲಸಿ ಹಾಕುವುದು ಪ್ರೋಟೀನು ಅಂಟಿಸಿದ ಪೊರೆಯ ಖಾಲಿ ಜಾಗಕ್ಕೆ ಬೇರೇನೂ ಬಂದು ಅಂಟದ ಹಾಗೆ ಮುಚ್ಚಲು, ಆ ಕೆಲಸಕ್ಕೇ ಬ್ಲಾಕಿಂಗ್ ಎಂದು ಹೆಸರು. ಪುಡಿಯ ಬದಲು ಹಾಲಿನ ಪುಡಿಯನ್ನೂ ಬಳಸಬಹುದು ಎಂದು ಪುಸ್ತಕದಲ್ಲೇ ಇತ್ತಲ್ಲ. ಪುಸ್ತಕದ ಆ ಒಂದು ಸಾಲನ್ನು ಅವನು ಹಿರಿಯರು ಆಸ್ತಿಪತ್ರ ಇಟ್ಟುಕೊಳ್ಳುವಷ್ಟು ಜೋಪಾನವಾಗಿ ಇಟ್ಟುಕೊಂಡ. ಲ್ಯಾಬಿನಲ್ಲಿ ಹಿರಿಯನಾದವನೇ ವಾರಕ್ಕಾಗುವಷ್ಟು ದ್ರಾವಣಗಳನ್ನು ಎಲ್ಲರಿಗೂ ಸೇರಿಸಿ ಮಾಡಿಡುವುದು ವಾಡಿಕೆ, ಹಿಂದಿನವರು ಮುಗಿಸಿ ಹೋಗಿದ್ದರಿಂದ ಸೇರಿದ ವರ್ಷವೇ ಆ ಹಿರಿಯ ಅವನಾಗಿದ್ದ. ಸೋಮವಾರ ಬೆಳಿಗ್ಗೆ ಬಕ್ಕೇಶ ಹಾಲಿನ ಪುಡಿ ಕಲಸಿ ಬಾಟಲಿಗೆ ತುಂಬಿ 'ಬ್ಲಾಕಿಂಗ್' ಎಂದು ಬರೆದು ಫ್ರಿಜ್ಜಿನಲ್ಲಿಟ್ಟರೆ ಮುಗಿಯಿತು. ಏನು ಕಲಸಿದೆ ಎಂದು ಬಾಟಲಿ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಅವನ ಪ್ರಯೋಗಗಳಿಗೆ ಹಾಲು ಸೊಗಸಾಗಿ ಒಗ್ಗಿತು. ಅವನ ಬ್ಲಾಟುಗಳು, ಅಂದರೆ ಪೊರೆಯ ಮೇಲೆ ಪ್ರೋಟೀನು ಗೆರೆಯಾಗಿ ಮೂಡುವ ಚಿತ್ರಗಳು, ಎಷ್ಟು ಸ್ವಚ್ಛವಾಗಿದ್ದವೆಂದರೆ ಗೈಡ್ ಮುರುಗೇಶಪ್ಪ ಸರ್ ಅವನ್ನು ನೋಡಿ ಮೀಸೆ ತಿರುವಿಕೊಳ್ಳಬಹುದಿತ್ತು.

ಎಂಟು ತಿಂಗಳ ಹಿಂದೆ ಭಾನುವಳ್ಳಿಯಿಂದ ಚೈತ್ರಾ ಬಂದಳು. ಒಕ್ಕಲು ಮನೆಯ ಹುಡುಗಿ, ಎಂಎಸ್ಸಿಯಲ್ಲಿ ಮೊದಲ ರ‍್ಯಾಂಕು, ಮಾತು ಕಡಿಮೆ, ಕೈ ಚುರುಕು. ಅವಳಿಗೆ ಸಿಕ್ಕ ಕೆಲಸ ಬೇರೆ ತರದ್ದು. ಜೀವಕೋಶಕ್ಕೆ ಹೊರಗಿನಿಂದ ಒಂದು ಸುದ್ದಿ ಬಂತೆನ್ನಿ, ಬೆಳೆ, ಒಡೆದು ಎರಡಾಗು ಎನ್ನುವಂಥ ಸುದ್ದಿ. ಅದನ್ನು ಒಳಕ್ಕೆ ದಾಟಿಸುವ ಇಆರ್‌ಕೆ ಎಂಬ ಪ್ರೋಟೀನಿನ ಮೈಮೇಲೆ ಆಗ ಒಂದು ಚಿಟಿಕೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಅಂಟಿದ್ದರೆ ಅದು ಎಚ್ಚರ, ಇಲ್ಲದಿದ್ದರೆ ನಿದ್ದೆ. ಬಾಯಿ ಕ್ಯಾನ್ಸರಿನ ಕೋಶಗಳಲ್ಲಿ ಅದು ಯಾವಾಗ ಎಚ್ಚರವಾಗುತ್ತದೆ ಎಂದು ಅವಳು ನೋಡಬೇಕಿತ್ತು. ಅದಕ್ಕಾಗಿ ಅವಳು ಬರುವ ಮೊದಲೇ ಮೂರು ತಿಂಗಳು ಕಾದು, ಸಮುದ್ರದಾಚೆಯಿಂದ ಐಸಿನಲ್ಲಿ ತರಿಸಿಟ್ಟದ್ದು ಒಂದು ಆಂಟಿಬಾಡಿ: ಮೊಲದ ರಕ್ತದಲ್ಲಿ ಹುಟ್ಟಿಸಿದ್ದು, ಗುಂಡುಸೂಜಿ ತಲೆಯಷ್ಟು ದೊಡ್ಡ ಸೀಸೆಯಲ್ಲಿ ಸೊಳ್ಳೆಯ ಕಣ್ಣೀರಿನಷ್ಟು. ಅದರ ಗುಣವೇನೆಂದರೆ ಊರ ಜನರಲ್ಲಿ ಹಣೆಯ ಮೇಲೆ ವಿಭೂತಿ ಇದ್ದವನನ್ನು ಮಾತ್ರ ಹಿಡಿಯುವ ಪೋಲೀಸನಂತೆ, ಫಾಸ್ಫೇಟ್ ಅಂಟಿದ ಇಆರ್‌ಕೆಯನ್ನು ಮಾತ್ರ ಹಿಡಿಯುತ್ತದೆ. ಅಂಟದ್ದು ಪಕ್ಕದಲ್ಲೇ ನಿಂತಿದ್ದರೂ ತಿರುಗಿ ನೋಡುವುದಿಲ್ಲ. ಚೈತ್ರಾ ಮೊದಲ ದಿನ ಬಾಟಲಿ ಎತ್ತಿಕೊಂಡು, "ಅಣ್ಣಾ, ಇದು ಬಿಎಸ್‌ಎ ಏನ್ರಿ?" ಎಂದು ಕೇಳಿದಳು. ಬಕ್ಕೇಶ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹೂಂ ಅಂದ. ಇಲ್ಲ, ಹಾಲು ಅಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಎಂದು ಕೇಳಿದರೆ ಅವ್ವ ಬರುತ್ತಿದ್ದಳು, ಲಿಂಗ ಬರುತ್ತಿತ್ತು, ಚಿನ್ನದ ಪದಕ ಹೋಗುತ್ತಿತ್ತು. ಬಿಎಸ್‌ಎ ಕಲಸಿದರೆ ತಿಳಿಯಾಗಿರುತ್ತದೆ, ಹಾಲು ಬೆಳ್ಳಗಿರುತ್ತದೆ, ಕುರುಡನಿಗೂ ಗೊತ್ತಾಗುವಷ್ಟು ವ್ಯತ್ಯಾಸ. ಆದರೆ ಅವಳು ಜನ್ಮದಲ್ಲಿ ನೋಡಿದ ಮೊದಲ ಬ್ಲಾಕಿಂಗ್ ಬಾಟಲಿ ಬಕ್ಕೇಶನದೇ. ಅದು ಬೆಳ್ಳಗಿತ್ತು. ಅವಳ ಪಾಲಿಗೆ ಬಿಎಸ್‌ಎ ಬೆಳ್ಳಗಾಯಿತು.

ಅವಳ ಬ್ಲಾಟು ಕಪ್ಪಾಗಿ ಬಂತು. ಗೆರೆ ಮೂಡಬೇಕಾದ ಕಡೆ ಗೆರೆಯಿಲ್ಲ, ಇಡೀ ಪೊರೆ ಭತ್ತದ ಹೊಟ್ಟು ಉರಿಸುವ ಮಂಡಕ್ಕಿ ಭಟ್ಟಿಯ ಗೋಡೆಯ ಹಾಗೆ ಮಸಿ ಮಸಿ. ಮತ್ತೆ ಮಾಡಿದಳು, ಮತ್ತೆ ಮಸಿ. ತೊಳೆಯುವ ಹೊತ್ತು ಹೆಚ್ಚಿಸಿದಳು, ಉಪ್ಪು ಬದಲಿಸಿದಳು, ಟ್ರೇ ಬದಲಿಸಿದಳು, ಕೂದಲು ಬಿಗಿದು ಕಟ್ಟಿದಳು, ಬಳೆ ತೆಗೆದಿಟ್ಟಳು. ನಾಲ್ಕನೆಯ ಸಲ ಮುರುಗೇಶಪ್ಪ ಸರ್ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ, ಮೂವತ್ತು ವರ್ಷ ಜೀವರಸಾಯನ ಪಾಠ ಮಾಡಿದ ಬಾಯಲ್ಲಿ, "ಇದಕ್ಕೆ ಏನೂ ಮಾಡಾಕೆ ಬರಲ್ಲಮ್ಮ. ನಿನ್ನ ಕೈಗುಣ ಸರಿ ಇಲ್ಲ," ಎಂದುಬಿಟ್ಟರು. ಅದೇ ದಿನ ಬಕ್ಕೇಶ ಆಂಟಿಬಾಡಿಯ ಜೊತೆ ಬಂದಿದ್ದ ಮಡಚಿದ ಹಾಳೆಯನ್ನು ಮೊದಲ ಸಲ ಪೂರ್ತಿ ಓದಿದ. ಹಾಲು ಬಳಸಬೇಡಿ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನಿನ ಮೈತುಂಬ ಫಾಸ್ಫೇಟೇ. ಒಬ್ಬ ವಿಭೂತಿಯವನನ್ನು ಹಿಡಿಯಲು ಬಂದ ಪೋಲೀಸನನ್ನು ಇಡೀ ಮಠದೊಳಗೆ ನುಗ್ಗಿಸಿದ ಹಾಗೆ. ಹಾಳೆ ಮಡಚಿಟ್ಟ. ಹೇಳಬೇಕೆಂದು ಎದ್ದ. ಸರ್ ಕೋಣೆಯ ಬಾಗಿಲವರೆಗೆ ಹೋದ. ಬಾಗಿಲ ಬಳಿ ಚೈತ್ರಾ ನಿಂತು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದಳು, ಹಿಂದೆ ಮುಂದೆ ತಿರುಗಿಸಿ, ಪೇಟೆಯಲ್ಲಿ ಬದನೆಕಾಯಿ ಹುಳುಕಿದೆಯೋ ಎಂದು ನೋಡುವವರಂತೆ. ಅವಳು ಬಂದ ಮೊದಲ ತಿಂಗಳಲ್ಲಿ ಸರ್ ಅವಳನ್ನೇ ಮೊದಲು ಕರೆಯತೊಡಗಿದ್ದರು, ಅವಳ ಪ್ರಶ್ನೆಗಳಿಗೆ ನಕ್ಕು ಉತ್ತರ ಕೊಡುತ್ತಿದ್ದರು. ಮಸಿ ಬರತೊಡಗಿದ ಮೇಲೆ ಮತ್ತೆ 'ಬಕ್ಕೇಶ, ಬಾ ಇಲ್ಲಿ' ಎನ್ನುತ್ತಿದ್ದರು. ಆ ಕರೆ ಕಿವಿಗೆ ಬಿದ್ದಾಗ ಎದೆಯಲ್ಲಿ ಏನೋ ಒಂದು ತಣ್ಣಗಾಗುತ್ತಿತ್ತು. ಅದಕ್ಕೆ ಹೆಸರಿಡಲು ಅವನು ಇವತ್ತಿಗೂ ಒಪ್ಪಿಲ್ಲ. ಬಾಗಿಲಿಂದ ತಿರುಗಿ ಬಂದ. ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆಗೆ ಇವತ್ತಿಗೆ ಐದು ತಿಂಗಳು.

ಈಗ ಸೀಸೆಯಲ್ಲಿ ಒಂದೇ ಸಲಕ್ಕಾಗುವಷ್ಟು ಆಂಟಿಬಾಡಿ ಉಳಿದಿತ್ತು. ಇವತ್ತೂ ಮಸಿ ಬಂದರೆ ಚೈತ್ರಾಳ ಪಿಎಚ್‌ಡಿ ನೋಂದಣಿಯ ಅರ್ಜಿಗೆ ತಾನು ಸಹಿ ಹಾಕುವುದಿಲ್ಲ, ಊರಿಗೆ ಹೋಗಿ ಬಿಎಡ್ ಮಾಡಿಕೊಳ್ಳಲಿ ಎಂದು ಸರ್ ಹೇಳಿಯಾಗಿತ್ತು. ಬಕ್ಕೇಶ ಲ್ಯಾಬಿಗೆ ಬಂದಾಗ ಅಟೆಂಡರ್ ಹಯಾತ್ ಸಾಬ್ ಸಿಂಕಿನಲ್ಲಿ ಬಾಟಲಿಗಳನ್ನು ತೊಳೆಯುತ್ತಿದ್ದರು. ಲ್ಯಾಬಿನ ಎಲ್ಲ ಗುಟ್ಟುಗಳೂ ಕೊನೆಗೆ ಬಂದು ಬೀಳುವುದು ಆ ಸಿಂಕಿಗೇ. ಅವರು ಬ್ಲಾಕಿಂಗ್ ಬಾಟಲಿಯನ್ನು ಮೂಗಿನ ಬಳಿ ಹಿಡಿದು, ತಲೆಯೆತ್ತದೆಯೇ, "ಎರಡು ವರ್ಷಾತು ಸರ ಈ ಬಾಟ್ಲಿ ತೊಳಿಯಾಕತ್ತಿ. ಶನಿವಾರ ಬಂತಂದ್ರೆ ಹುಳಿ ವಾಸನಿ ಹೊಡಿತೈತೆ. ನಮ್ ಮನ್ಯಾಗಿನ ಹಾಲಿನ ತಪ್ಲಿ ಇದ್ದಂಗೆ," ಎಂದರು. ಬಕ್ಕೇಶ ಅವರ ಮುಖ ನೋಡಿದ. ಆ ಮುಖದಲ್ಲಿ ಆರೋಪವಿರಲಿಲ್ಲ, ಸೋಪಿನ ನೊರೆ ಇತ್ತು. ಯಾರಿಗಾದರೂ ಹೇಳಿದ್ದೀರಾ ಎಂದು ಕೇಳಹೊರಟವನು, "ಚಂದಾಗಿ ತೊಳೀರಿ," ಎಂದಷ್ಟೇ ಹೇಳಿ ಫ್ರಿಜ್ಜಿನ ಮೂರನೇ ಗೂಡಿಗೆ ಕೈ ಹಾಕಿದ.

ಎರಡು ವರ್ಷದ ಹಿಂದೆ ತರಿಸಿಟ್ಟಿದ್ದ ಬಿಳಿ ಡಬ್ಬಿಯ ಮುಚ್ಚಳದ ಸೀಲು ಹಾಗೇ ಇತ್ತು. ಅದನ್ನು ಒಡೆಯುವಾಗ ಆದ ಸದ್ದಿಗೆ ಇಡೀ ದಾವಣಗೆರೆ ಎದ್ದು ಕೂರಬೇಕಿತ್ತು. ಪಿಬಿ ರಸ್ತೆಯ ಲಾರಿಗಳು ಬ್ರೇಕು ಹಾಕಬೇಕಿತ್ತು. ಏನೂ ಆಗಲಿಲ್ಲ. ಪುಡಿ ಚಿಪ್ಪು ಚಿಪ್ಪಾಗಿ, ಸ್ವಲ್ಪ ಹಳದಿಯಾಗಿ, ಯಾವ ವಾಸನೆಯೂ ಇಲ್ಲದೆ ಬಿದ್ದಿತ್ತು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯೊಂದರಲ್ಲೇ ತೂಗಲು ಹೋದ. ತಕ್ಕಡಿಯ ಮೇಲಿನ ಕಾಗದ ಜಾರಿತು, ಹಿಡಿಯಲು ಎಡಗೈ ತಾನಾಗಿ ಮುಂದೆ ಬಂತು, ಗ್ಲೌಸಿನ ಮೇಲೆ ನಾಲ್ಕು ಚಿಪ್ಪು ಬಿದ್ದವು. ಅವನು ಅವನ್ನೇ ನೋಡುತ್ತ ನಿಂತ. ಮೊಲದ ರಕ್ತದ ಆಂಟಿಬಾಡಿಯನ್ನು ಇದೇ ಕೈಗಳು ಸಾವಿರ ಸಲ ಹನಿಸಿದ್ದವು. ಒಂದು ದಿನವಾದರೂ ಮೊಲ ಬಂದು ಪೂಜೆಯಲ್ಲಿ ಎದುರು ಕೂತಿರಲಿಲ್ಲ. ಮೊಲಕ್ಕೆ ಯಾರೂ ಅವ್ವ ಅನ್ನುವುದಿಲ್ಲ, ಅಷ್ಟೇ ತಾನೆ. ಇದಕ್ಕಾಗಿ, ಈ ನಾಲ್ಕು ಚಿಪ್ಪಿಗಾಗಿ, ಎಂಟು ತಿಂಗಳು. ನೀರಿಗೆ ಸುರಿದು ತಿರುಗಿಸಿದ. ನೊರೆ ಎದ್ದು, ನೊರೆ ಇಳಿದು, ಬಾಟಲಿಯಲ್ಲಿ ಉಳಿದದ್ದು ತಿಳಿಯಾದ, ಬಾಳೆದಿಂಡಿನ ನೀರಿನ ಬಣ್ಣದ ದ್ರಾವಣ. ಹತ್ತು ಗಂಟೆಗೆ ಚೈತ್ರಾ ಬಂದಳು. ಹಿಂದಿನ ದಿನವೇ ಸಿದ್ಧ ಮಾಡಿಟ್ಟ ಪೊರೆಯನ್ನು ಟ್ರೇಗೆ ಹಾಕಿಕೊಂಡು ಬಾಟಲಿ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಕಿಟಕಿಯ ಕಡೆ ತಿರುಗಿ ಬೆಳಕಿಗೆ ಹಿಡಿದಳು. ಬಾಟಲಿಯ ಆಚೆ ಬೀದಿ ಕಂಡಿತು, ಬೀದಿಯಲ್ಲಿ ನಿಂತ ತಳ್ಳುಗಾಡಿ ಕಂಡಿತು. ಎಷ್ಟು ಹೊತ್ತು ಹಾಗೆ ಹಿಡಿದಿದ್ದಳೋ, ಬಕ್ಕೇಶನ ಲೆಕ್ಕದಲ್ಲಿ ಅಷ್ಟರಲ್ಲಿ ಒಂದು ಬೆಳೆ ಬಂದು ಕೊಯ್ಲಾಯಿತು. "ಅಣ್ಣಾ," ಎಂದಳು, "ಇದು ಬಿಎಸ್‌ಎ ಏನ್ರಿ?"

"ಹೂಂ," ಎಂದ ಬಕ್ಕೇಶ. ಈ ಸಲದ್ದು ನಿಜ. ಸುಳ್ಳಿನ ಹೂಂ ಹೇಗಿತ್ತೋ ನಿಜದ ಹೂಂ ಕೂಡ ಹಾಗೇ ಇತ್ತು, ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ.

ಅವಳು ಟ್ರೇಯನ್ನು ಅವರು ತೊಟ್ಟಿಲು ಎಂದು ಕರೆಯುವ ಅಲುಗಾಡುವ ಯಂತ್ರದ ಮೇಲಿಟ್ಟಳು. ಒಂದು ಗಂಟೆಯ ನಂತರ ಸೀಸೆಯ ಕೊನೆಯ ಹನಿಯನ್ನು ಎಳೆದು ಹಾಕಿದಳು. ರಾತ್ರಿಯಿಡೀ ಇಡುವುದು ವಾಡಿಕೆ, ಆದರೆ ಸರ್ ಸಂಜೆಯೇ ನೋಡಬೇಕೆಂದಿದ್ದರಿಂದ ಮೂರು ತಾಸು ಇಟ್ಟಳು. ಆ ಮೂರು ತಾಸು ಬಕ್ಕೇಶನಿಗೆ ಕೆಲಸವಿರಲಿಲ್ಲ ಎಂದಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಊಟದ ಹೊತ್ತಿಗೆ ದಿನಾ ಅವನ ಎದುರು ಬುತ್ತಿ ಬಿಚ್ಚುತ್ತಿದ್ದವಳು ಇವತ್ತು ಮೆಟ್ಟಿಲ ಮೇಲೆ ಒಬ್ಬಳೇ ಕೂತು ರೊಟ್ಟಿ ಮುರಿದಳು. ಅವನು ಕಾರಿಡಾರಿನಲ್ಲಿ ಹೋದ, ಬಂದ. ತೊಟ್ಟಿಲು ಅಲುಗುತ್ತಿತ್ತು. ಅಲುಗುವ ಆ ದ್ರಾವಣವನ್ನು ನೋಡುತ್ತ ನೋಡುತ್ತ ಅವನಿಗೆ ಒಂದು ಆಸೆ ಹುಟ್ಟಿತು. ಇವತ್ತೂ ಮಸಿ ಬರಲಿ. ಮಸಿ ಬಂದರೆ ತಪ್ಪು ಹಾಲಿನದಲ್ಲ, ಹಾಲಿನದಲ್ಲದಿದ್ದರೆ ತನ್ನದಲ್ಲ, ಹುಡುಗಿಯ ಕೈಯೇ ಹಾಗೆ, ಸರ್ ಹೇಳಿದ್ದೇ ಸರಿ, ಎಂಟು ತಿಂಗಳ ಭಾರ ಬಸ್ಸಿನಿಂದ ಇಳಿದು ತನ್ನ ದಾರಿ ಹಿಡಿಯುತ್ತದೆ. ಆಸೆ ಪೂರ್ತಿ ಹುಟ್ಟಿ ಕಣ್ಣು ಬಿಟ್ಟ ಮೇಲೆ ಅದು ಯಾರ ಮಗು ಎಂದು ಅವನಿಗೆ ತಿಳಿಯಿತು. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡ. ಕನ್ನಡಿಯಲ್ಲಿ ಹಣೆಯ ವಿಭೂತಿ ಒದ್ದೆಯಾಗಿ ಮೂಗಿನ ಮೇಲೆ ಇಳಿಯಿತು.

ಐದು ಗಂಟೆಗೆ ಕತ್ತಲೆ ಕೋಣೆಯ ಯಂತ್ರದೊಳಗೆ ಪೊರೆಯಿಟ್ಟರು. ಮುರುಗೇಶಪ್ಪ ಸರ್ ಕುರ್ಚಿ ಎಳೆದುಕೊಂಡು ಕೂತರು, ಚೈತ್ರಾ ಅವರ ಹಿಂದೆ, ಬಕ್ಕೇಶ ಬಾಗಿಲ ಬಳಿ. ಪರದೆಯ ಮೇಲೆ ಹತ್ತು ಸೆಕೆಂಡು ಏನೂ ಇರಲಿಲ್ಲ. ಆಮೇಲೆ ಹಾಲಿಗಿಂತ ಬೆಳ್ಳನೆಯ ಬಯಲಿನಲ್ಲಿ ಒಂದರ ಕೆಳಗೊಂದು ಎರಡು ಕಪ್ಪು ಗೆರೆ, ಉಗುರಿನಿಂದ ಗೀರಿದಷ್ಟು ಚೊಕ್ಕವಾಗಿ. ಎಲ್ಲಿ ಬರಬೇಕೋ ಅಲ್ಲಿ. ಆ ಪ್ರೋಟೀನನ್ನು ನಿದ್ದೆಗೆ ಕಳಿಸುವ ಔಷಧ ಹಾಕಿದ ಕೋಶಗಳಲ್ಲಿ ಮಂಕಾಗಿ, ಹಾಕದ ಕೋಶಗಳಲ್ಲಿ ಗಾಢವಾಗಿ. ದೇಶವಿದೇಶಗಳ ಲ್ಯಾಬುಗಳಲ್ಲಿ ಅದಕ್ಕಿಂತ ಚಂದದ ಬ್ಲಾಟು ಬಂದಿದ್ದರೆ ಬಕ್ಕೇಶ ಕಂಡಿರಲಿಲ್ಲ. ಸರ್ ತೊಡೆ ತಟ್ಟಿಕೊಂಡರು. ತಿರುಗಿ, ಚೈತ್ರಾಳನ್ನು ದಾಟಿ, ಬಾಗಿಲ ಕಡೆ ನೋಡಿ, "ನಾನು ಹೇಳ್ಲಿಲ್ಲೇನು? ಇವತ್ತು ಬಕ್ಕೇಶ ಮುಂದೆ ನಿಂತು ಮಾಡ್ಸಿದ. ಇದು ಅವನ ಕೈಗುಣ," ಎಂದರು. ಚೈತ್ರಾಳೂ ತಿರುಗಿ ನೋಡಿದಳು. ಅವಳ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ಸುಮ್ಮನಿದ್ದುಬಿಡುತ್ತಿದ್ದನೇನೋ. ಅವಳು ಸುಮ್ಮನೆ ಕಾಯುತ್ತಿದ್ದಳು, ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರ ಹಾಗೆ.

"ಸರ್," ಎಂದ ಬಕ್ಕೇಶ, "ಇಷ್ಟು ದಿನ ಬಾಟ್ಲಿಯಲ್ಲಿ ಹಾಲು ಇತ್ತು. ಬಿಎಸ್‌ಎ ಅಲ್ಲ. ಇವತ್ತು ಬದಲಾಯಿಸಿದೆ."

ಯಾಕೆ ಎಂದು ಕೇಳಿದರು. ಅವ್ವನ ಮಾತನ್ನು ಹೇಳಿದ. ಕೈಯ ಕಥೆ ಹೇಳಿದ, ಲಿಂಗದ ಕಥೆ ಹೇಳಿದ. ಭೂಮಿ ಬಾಯಿ ತೆರೆಯಲಿ ಎಂದು ಕಾದ. ಮುರುಗೇಶಪ್ಪ ಸರ್ ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. ತಾವೂ ಲಿಂಗ ಕಟ್ಟಿಕೊಂಡವರೇ, ಧಾರವಾಡದಲ್ಲಿ ಓದುವಾಗ ಕಪ್ಪೆ ಕೊಯ್ದು ಬಂದು ಮೂರು ಸಲ ಸ್ನಾನ ಮಾಡುತ್ತಿದ್ದೆ ಎಂದರು. ಅಂಥ ಸಂಸ್ಕಾರ ಈಗಿನ ಹುಡುಗರಲ್ಲಿ ಎಲ್ಲಿದೆ ಎಂದೂ ಅಂದರು. ಅವನ ಹೆಗಲ ಮೇಲೆ ಕೈಯಿಟ್ಟರು. "ಆತು ಬಿಡು. ಇನ್ ಮ್ಯಾಲೆ ಆ ಪುಡಿ ಚೈತ್ರಾನೇ ತೂಗ್ಲಿ. ಅವರ ಕಡೆ ಇಂಥಾವೇನು ಇರಂಗಿಲ್ಲ." ಅರ್ಜಿ ತರಿಸಿ ಅಲ್ಲೇ ಸಹಿ ಹಾಕಿದರು. ಎಂಟು ತಿಂಗಳು ಮುಗಿದುಹೋಯಿತು, ಇಬ್ಬರು ಗಂಡಸರ ನಡುವೆ, ಒಂದು ನಗೆಯಲ್ಲಿ. ಚೈತ್ರಾ ಅರ್ಜಿಯನ್ನು ಎರಡು ಕೈಯಲ್ಲೂ ಹಿಡಿದು, ಥ್ಯಾಂಕ್ಯೂ ಸರ್ ಎಂದಳು. ಬಕ್ಕೇಶನಿಗೆ ಹಗುರಾಗಬೇಕಿತ್ತು. ಇಷ್ಟು ಸುಲಭವಾಗಿ ಮಾಫಿ ಸಿಕ್ಕಿದ ತಪ್ಪು ತನ್ನದೇ ಹೌದೋ ಎಂದು ಅನುಮಾನವಾಯಿತು.

ಮೆಟ್ಟಿಲಿಳಿಯುವಾಗ ಅವಳು ಹಿಂದಿನಿಂದ ಕರೆದಳು. ಸಹಿಯಾಯಿತಲ್ಲ, ಖುಷಿ ಪಡು ಎಂದು ಅವನು ಏನೋ ಹೇಳಹೊರಟ. "ಸಹಿ ಇರ್ಲಿ ಅಣ್ಣಾ," ಎಂದಳು. "ಸರ್ ಕೈಗುಣದ ಮಾತು ಅಂದಿದ್ನ ನಾನೇ ಮನ್ಯಾಗೆ ಹೇಳಿಬಿಟ್ಟಿದ್ದೆ, ಅಳಾಕತ್ತಿದ್ದಾಗ. ಅವತ್ತಿನಿಂದ ನಮ್ಮವ್ವ ನನ್ನ ಕೈಲಿ ಹಾಲಿಗೆ ಹೆಪ್ಪು ಹಾಕ್ಸಲ್ಲ. ಬೀಜ ಮುಟ್ಸಲ್ಲ. ನಾಕು ಎಮ್ಮಿ ಹಾಲು ನಮ್ಮನ್ಯಾಗೆ. ಐದು ತಿಂಗ್ಳಾತು. ಬೈಯಲ್ಲ, ಏನಿಲ್ಲ. ನಾ ಕೈ ಹಾಕಾಕೆ ಹೋದ್ರೆ ತಪ್ಲಿ ಸರಿಸಿಬಿಡ್ತಾಳೆ. ನಾ ಹೇಳಿದ್ರೆ ನಂಬಲ್ಲ. ನೀವು ಬಂದು ಹೇಳ್ರಿ." ನಾಳೆ ಬರುತ್ತೇನೆ ಎನ್ನಲು ಅವನು ಬಾಯಿ ತೆರೆದ. ಅವಳು ಆಗಲೇ ಬೀದಿಗಿಳಿದು ನಡೆಯುತ್ತಿದ್ದಳು, ತಿರುಗಿ ನೋಡದೆ, ಅವನು ಬಂದೇ ಬರುತ್ತಾನೆ ಎನ್ನುವಂತೆ.

ಇಬ್ಬರೂ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಭಾನುವಳ್ಳಿ ಬಸ್ಸು ಹತ್ತಿದರು. ಬಕ್ಕೇಶನ ಮನೆಯ ಓಣಿ ಅಲ್ಲಿಂದ ಕೂಗಳತೆ. ಬಸ್ಸಿನಲ್ಲಿ ಅವಳು ಹೆಂಗಸರ ಕಡೆ ಕೂತಳು. ಅವನು ನಿಂತೇ ಇದ್ದ. ಕಾಲುವೆಯ ಎರಡು ಬದಿಗೂ ಭತ್ತ ನಾಟಿಯಾಗಿತ್ತು, ಗದ್ದೆಯ ನೀರಿನಲ್ಲಿ ಸಂಜೆಯ ಬೆಳಕು ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಆಂಟಿಬಾಡಿಯನ್ನು ಎಮ್ಮೆ ಕಟ್ಟಿದ ಹೆಂಗಸಿಗೆ ಹೇಗೆ ಹೇಳುವುದೆಂದು ಅವನು ಮನಸ್ಸಿನಲ್ಲೇ ಮಾತು ಜೋಡಿಸಿದ. ವಿಭೂತಿ, ಪೋಲೀಸ, ಮಠ. ಚಂದವಾಗಿ ಕೂತಿತು ಕಥೆ. ಅದು ಅಷ್ಟು ಚಂದವಾಗಿ ಕೂತದ್ದು ನೋಡಿ ಅವನಿಗೆ ಸಮಾಧಾನವೂ ಆಯಿತು.

ಅಂಜಿನವ್ವ ಬಾಗಿಲಿಗೆ ಬಂದು, ಮಗಳ ಹಿಂದೆ ನಿಂತವನ ಹಣೆ ನೋಡಿ, ಸೆರಗು ಸರಿ ಮಾಡಿಕೊಂಡು, "ಬರ್ರಿ ಸರ, ಕೂಡ್ರಿ," ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ತಂಬಿಗೆಯಲ್ಲಿ ನೀರು ಕೊಟ್ಟಳು. ಬಕ್ಕೇಶ ಕಥೆ ಹೇಳಿದ. ಆಕಳ ರಕ್ತದ ಪುಡಿ, ತನ್ನ ಅವ್ವನ ಮಾತು, ಲಿಂಗ ಹಿಡಿಯುವ ಕೈ, ಅದಕ್ಕೆ ಬದಲಾಗಿ ಹಾಲು, ಹಾಲಿನಿಂದ ಕೆಟ್ಟ ಕೆಲಸ. ಹೇಳುತ್ತ ಹೇಳುತ್ತ ಅವನ ದನಿಗೆ ಕಳೆ ಬಂತು. ಅಂಜಿನವ್ವ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. "ಶಿವನೇ, ಆಕಳ ರಕ್ತ ನಾವೂ ಮುಟ್ಟಂಗಿಲ್ಲಪ್ಪಾ," ಎಂದಳು. ಗೋಡೆಗೆ ಒರಗಿ ನಿಂತಿದ್ದ ಚೈತ್ರಾ, ನಾಳೆಯಿಂದ ಅದನ್ನು ನಾನೇ ತೂಗಬೇಕಂತೆ ಅವ್ವಾ, ಎಂದಳು. ಅಂಜಿನವ್ವ ಮಗಳ ಕಡೆ ಒಂದು ಸಲ ನೋಡಿ ಮತ್ತೆ ಅವನ ಕಡೆ ತಿರುಗಿದಳು. ಬಕ್ಕೇಶನಿಗೆ, "ರಕ್ತ ಬಿಟ್ಟು ಹಾಲು ಹಾಕಿದ್ರಿ. ಅದ್ರಾಗೇನು ತಪ್ಪೈತ್ರಿ? ನಿಮ್ಮಂಥಾರು ಅದಾರಂತ ಮಳಿ ಬೆಳಿ ಆಗಾಕತ್ತೈತೆ," ಎಂದು ಎದ್ದು ಒಳಗೆ ಹೋಗಿ ಕಾಯಿಸಿ ಆರಿಸಿದ ಹಾಲಿನ ತಪ್ಪಲೆ, ಬಟ್ಟಲಲ್ಲಿ ಮಜ್ಜಿಗೆ, ಒಂದು ಚಮಚ ತಂದು ಅವನ ಮುಂದಿಟ್ಟಳು. "ಇವತ್ತಿನ ಹೆಪ್ಪು ನೀವೇ ಹಾಕಿ ಹೋಗ್ರಿ. ನಮ್ಮ ಹುಡುಗಿ ಕೈದೋಷ ಏನೈತೆ, ಅದು ಕಳೀಲಿ."

ಚಮಚ ಅವನ ಕೈಗೆ ಬಂತು. ಅವನು ಚೈತ್ರಾಳನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ತಪ್ಪಲೆಯನ್ನು ನೋಡುತ್ತಿದ್ದಳು. ಬೆಳಿಗ್ಗೆಯಿಂದ ತಾನು ಎಷ್ಟು ಸಲ ಹಾಲು ಎಂದೆ ಎಂದು ಅವನು ಯೋಚಿಸಿದ. ಸರ್ ಎದುರು ಹಾಲು ಎಂದಿದ್ದ, ಇಲ್ಲಿ ಹಾಲು ಎಂದಿದ್ದ. ಹಾಲು ಎಂದಾಗಲೆಲ್ಲ ಜನ ಅವನನ್ನು ಮೆಚ್ಚಿಕೊಂಡಿದ್ದರು.

"ಅವಳ ಕೈಯಲ್ಲಿ ದೋಷ ಇರ್ಲಿಲ್ಲ ಅವ್ವಾ," ಎಂದ. "ಅವಳು ಮೊದಲನೇ ದಿನವೇ ನನ್ನ ಕೇಳಿದ್ಲು, ಇದು ಸರಿಯಾದ ಪುಡಿ ಹೌದೇನು ಅಂತ. ನಾನು ಹೌದು ಅಂದೆ. ಸುಳ್ಳು ಹೇಳಿದೆ. ಐದು ತಿಂಗಳ ಹಿಂದೆ ಹಾಲಿನಿಂದಲೇ ಕೆಡ್ತಿದೆ ಅಂತ ನನಗೆ ಗೊತ್ತಾತು. ಆಮೇಲೂ ಹೇಳ್ಲಿಲ್ಲ. ಅವಳು ಬೈಸಿಕೊಳ್ಳೋದನ್ನ ನೋಡ್ತಾ ನಿಂತಿದ್ದೆ. ನನಗೆ ಅದು," ಎಂದು ಶುರು ಮಾಡಿ, ಆ ತಣ್ಣಗಾಗುತ್ತಿದ್ದುದಕ್ಕೆ ಮಾತು ಹುಡುಕಿ, "ನನಗೆ ಅದು ಬೇಕಾಗಿತ್ತು," ಎಂದ.

ಹಿತ್ತಲಿನಲ್ಲಿ ಎಮ್ಮೆಯೊಂದು ಮೈ ಕೊಡವಿ ಗಂಟೆ ಸದ್ದಾಯಿತು. ಅಂಜಿನವ್ವ ಅವನ ಮುಖ ನೋಡಿದಳು. ಆಮೇಲೆ ಮುಂದೆ ಬಾಗಿ ಅವನ ಕೈಯಿಂದ ಚಮಚ ತೆಗೆದುಕೊಂಡಳು.

"ಹಂಗಾರೆ ಇಷ್ಟೊತ್ತು ಆಕಳ ಕಥಿ, ಲಿಂಗದ ಕಥಿ ಯಾಕ ಹೇಳಿದಿ?" ಎಂದಳು.

ಉತ್ತರಕ್ಕೆ ಅವಳು ಕಾಯಲಿಲ್ಲ. ಚಮಚವನ್ನು ಸೆರಗಿನಿಂದ ಒರೆಸಿ ಮಗಳ ಕಡೆ ಚಾಚಿದಳು. ಚೈತ್ರಾ ಕೂಡಲೇ ತೆಗೆದುಕೊಳ್ಳಲಿಲ್ಲ. ಐದು ತಿಂಗಳು ತಪ್ಪಲೆ ಸರಿಸಿದ್ದು ನೀನು ತಾನೆ ಎನ್ನುವಂತೆ ಅವ್ವನ ಮುಖವನ್ನೂ ಒಂದು ಸಲ ನೋಡಿದಳು. ಅಂಜಿನವ್ವ ಕಣ್ಣು ಕೆಳಗೆ ಮಾಡಿದಳು. ಆಮೇಲೆ ಚೈತ್ರಾ ಕಟ್ಟೆಯ ಅಂಚಿಗೆ ಕೂತು, ಬಟ್ಟಲಿನ ಮಜ್ಜಿಗೆಯನ್ನು ಅರ್ಧ ಚಮಚ ತೆಗೆದು ಹಾಲಿಗೆ ಬಿಟ್ಟು, ಒಂದು ಸುತ್ತು ತಿರುಗಿಸಿ, ತಟ್ಟೆ ಮುಚ್ಚಿದಳು. ಅದಕ್ಕೆ ಯಂತ್ರವಿರಲಿಲ್ಲ, ಪರದೆ ಇರಲಿಲ್ಲ. ಮೂವರೂ ಮುಚ್ಚಿದ ತಟ್ಟೆಯನ್ನೇ ನೋಡುತ್ತ ಕೂತರು.

"ಇನ್ನೇನಿದ್ರೂ ಬೆಳಿಗ್ಗಿಗೆ ಗೊತ್ತಾಗಾದು," ಎಂದಳು ಅಂಜಿನವ್ವ, ಯಾರಿಗೂ ಅಲ್ಲದೆ. ತಪ್ಪಲೆ ಎತ್ತಿಕೊಂಡು ಒಳಗೆ ಹೋದಳು. ಬಕ್ಕೇಶ ಕಂಬಳಿಯಿಂದ ಎದ್ದು ಅದನ್ನು ಮಡಚಲೋ ಬೇಡವೋ ಎಂದು ತಿಳಿಯದೆ ಒಂದು ತುದಿ ಹಿಡಿದುಕೊಂಡು ನಿಂತ. ಚೈತ್ರಾ ಬಂದು ಅವನ ಕೈಯಿಂದ ಆ ತುದಿಯನ್ನೂ ತೆಗೆದುಕೊಂಡಳು, ಕಂಬಳಿ ಮಡಚಿದಳು. ಹರಿಹರದ ಕಡೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳಿದಳು.